ಎರಡು ಶ್ರುತಿಯ ಒಂದು ಪ್ಲೇಟು

ಧ್ವನಿಮುದ್ರಣದ ಕೆಲಸಕ್ಕೆ ಇಳಿಯಬೇಕೆಂದಿರುವ ಎಳೆಯರು ಕೆಲವೊಮ್ಮೆ ನನ್ನನ್ನು ಹುಡುಕಿಕೊಂಡು ಮನೆಗೆ ಬರುತ್ತಾರೆ. ಹಳಬ, ಟೇಪು ಸುತ್ತಿದ ಸ್ಪೂಲಿನ ಕಾಲದವ, ಏನಾದರೂ ಗುಟ್ಟು ಇಟ್ಟುಕೊಂಡಿರಬಹುದು ಎಂಬ ಆಸೆ ಅವರದು. ಗುಟ್ಟು ಒಂದು ಇದೆ. ನೌಕರಿಯಲ್ಲಿ ಇದ್ದಷ್ಟು ದಿನ ಅದನ್ನು ಬೆರಳೆಣಿಕೆಯ ಜನರಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ, ಈಗ ಹೇಳಿದರೆ ಕೆಲಸ ಹೋಗುವ ಭಯವಿಲ್ಲ. ನನಗೆ ಸಂಗೀತದ ಕಿವಿ ಇಲ್ಲ. ಷಡ್ಜ ಯಾವುದು, ಪಂಚಮ ಯಾವುದು ಎಂದು ಇವತ್ತಿಗೂ ಖಚಿತವಾಗಿ ಹೇಳಲಾರೆ. ಸಂಜೆ ದೇವರ ಮುಂದೆ ನನ್ನ ಹೆಂಡತಿ ಹಾಡುವಾಗ ನಾನೇನಾದರೂ ದನಿಗೂಡಿಸಿದರೆ ಅವಳು ಹಾಡನ್ನು ಅಲ್ಲಿಗೇ ಬಿಟ್ಟು ನೇರವಾಗಿ ಆರತಿ ಎತ್ತುತ್ತಾಳೆ. ಇಂಥ ನಾನು ಜೀವಮಾನವಿಡೀ ಹಾಡುಗಾರರನ್ನು ಮುದ್ರಿಸಿಕೊಂಡು ಬದುಕಿದೆ. ಬಡ್ತಿ ಹೇಗೆ ಸಿಕ್ಕಿತೆಂದು ಬರೆಯುವುದಿಲ್ಲ. ನನ್ನ ಮೇಲಿದ್ದವರು ಒಬ್ಬರೇ, ಅವರು ಬಿಟ್ಟುಹೋದರು, ನಾನು ಉಳಿದೆ, ಅಷ್ಟೇ.

ಐವತ್ತರ ದಶಕದ ಕೊನೆಯಲ್ಲಿ ಬಂಟ್ವಾಳ ಪೇಟೆಯಲ್ಲಿ ನನ್ನದೊಂದು ರೇಡಿಯೋ ರಿಪೇರಿ ಅಂಗಡಿ ಇತ್ತು. ಅದರ ಎದುರು ಕಾಮತರು ಗ್ರಾಮಫೋನು, ಪ್ಲೇಟು ಮಾರುತ್ತಿದ್ದರು. ರೆಕಾರ್ಡಿಗೆ ನಮ್ಮಲ್ಲಿ ಪ್ಲೇಟು ಎಂದೇ ಹೆಸರು. ನಮ್ಮ ಕಡೆ ಇಷ್ಟು ಜನ ಹಾಡುವವರಿದ್ದಾರೆ, ಒಬ್ಬನ ಧ್ವನಿಯೂ ಪ್ಲೇಟಿನಲ್ಲಿ ಇಲ್ಲ ಎಂಬ ಕೊರಗು ಅವರಿಗೆ. ಮದ್ರಾಸಿಗೆ ಹೋಗಿ ಹಾಡಿ ಬರುವ ತಾಕತ್ತು ಇವರಲ್ಲಿ ಯಾರಿಗೂ ಇರಲಿಲ್ಲ. ಹಾಗಾಗಿ ತಮ್ಮ ಬೆಲ್ಲದ ಗೋದಾಮನ್ನೇ ಸ್ಟುಡಿಯೋ ಮಾಡಿ, ಇಲ್ಲಿ ಮುದ್ರಿಸಿದ ಸ್ಪೂಲನ್ನು ಮದ್ರಾಸಿನ ಕಂಪನಿಗೆ ಕಳಿಸಿ ಪ್ಲೇಟು ಒತ್ತಿಸುವುದೆಂದು ನಿಶ್ಚಯಿಸಿದರು. ಗೋಡೆಗೆ ಗೋಣಿ, ಅದರ ಮೇಲೆ ಹತ್ತಿಯ ಹಾಸಿಗೆ. ನಡುವೆ ಗಾಜಿನ ಕಿಟಕಿ, ಆಚೆ ಹಾಡುವವರು, ಈಚೆ ಎರಡು ಸ್ಪೂಲು ಯಂತ್ರ ಮತ್ತು ನಾಲ್ಕು ಗುಂಡಿಯ ಮಿಕ್ಸರ್. ಬೆಲ್ಲ ಹೋದರೂ ಇರುವೆ ಹೋಗಿರಲಿಲ್ಲ. ಮೊದಲ ವರ್ಷ ನಾನು ಕಲಿತ ಮುಖ್ಯ ವಿದ್ಯೆ ಯಂತ್ರದೊಳಗಿಂದ ಇರುವೆ ಹೊರಡಿಸುವುದು.

ನನ್ನ ಸಂದರ್ಶನ ರಸ್ತೆ ದಾಟುವಷ್ಟು ಹೊತ್ತಿನಲ್ಲಿ ಮುಗಿಯಿತು.

"ಸಂಜೀವ, ನಿನಗೆ ಸಂಗೀತ ಗೊತ್ತುಂಟಾ?"

"ಇಲ್ಲ ಧಣಿಗಳೇ."

"ಒಳ್ಳೆದಾಯ್ತು. ಗೊತ್ತಿದ್ದವರು ಹಾಡುವವರ ಹತ್ತಿರ ಜಗಳಕ್ಕೆ ನಿಲ್ತಾರೆ. ನಾಳೆಯಿಂದ ಬಾ."

ಕೆಲಸ ಕಲಿಸಲು ಮದ್ರಾಸಿನಿಂದ ಸುಂದರಂ ಎಂಬವರು ಬಂದರು. ಆರು ತಿಂಗಳು ಇದ್ದರು. ಆ ಕಾಲದಲ್ಲಿ ಮಿಕ್ಸಿಂಗ್ ಎಂದರೆ ಆಮೇಲೆ ಕುಳಿತು ಮಾಡುವ ಕೆಲಸವಲ್ಲ. ಹಾಡು ನಡೆಯುತ್ತಿರುವಾಗಲೇ ಗುಂಡಿ ತಿರುಗಿಸಬೇಕು. ತಬಲೆ ಹೆಚ್ಚಾದರೆ ತಬಲೆಯ ಗುಂಡಿ ಇಳಿಸಬೇಕು, ಹಾಡುವವರ ಉಸಿರು ಕುಗ್ಗಿದರೆ ಅವರ ಗುಂಡಿ ಏರಿಸಬೇಕು. ಕೈ ತಪ್ಪಿದರೆ ಎಲ್ಲರೂ ಮೊದಲಿನಿಂದ. ಧ್ವನಿ ಎಷ್ಟು ಜೋರಿದೆ ಎಂದು ತೋರಿಸುವ ಒಂದು ಮುಳ್ಳು ಇತ್ತು, ಅದು ಕೆಂಪು ಗೆರೆ ದಾಟಿದರೆ ಧ್ವನಿ ಒಡೆಯುತ್ತದೆ. "ಕಿವಿ ಮೊದಲು, ಮುಳ್ಳು ಆಮೇಲೆ" ಎಂದು ಸುಂದರಂ ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಇದರಲ್ಲಿ ನನಗೆ ಹಿಡಿಸಿದ್ದು ಮುಳ್ಳು. ಅದಕ್ಕೆ ಸಂಗೀತ ಬೇಕಿರಲಿಲ್ಲ, ಕಣ್ಣು ಸಾಕಿತ್ತು.

ಮೊದಲು ಬಂದವರು ವಿಟ್ಲ ಕಡೆಯ ಒಬ್ಬ ಯಕ್ಷಗಾನದ ಭಾಗವತರು. ಸಂಜೆಯಿಂದ ಬೆಳಗಿನ ತನಕ ಆಟ ನಡೆಸುವವರಿಗೆ ಮೂರೂವರೆ ನಿಮಿಷದಲ್ಲಿ ಒಂದು ಪದ್ಯ ಮುಗಿಸಿ ಎಂದರೆ ಹೇಗೆ? ಸಮಯ ಮುಗಿಯುತ್ತಾ ಬಂದಾಗ ನಾನು ಕೆಂಪು ಬಲ್ಬು ಉರಿಸುವುದೆಂದು ಮಾತಾಯಿತು. ಬಲ್ಬು ಉರಿಯಿತು. ಭಾಗವತರು ಅದನ್ನು ನೋಡಿ ಖುಷಿಯಾಗಿ ಇನ್ನೊಂದು ಪದ್ಯ ಎತ್ತಿದರು. ಮತ್ತೆ ಉರಿಸಿದೆ. ಮೂರನೆಯದು ಎತ್ತಿದರು. ಸ್ಪೂಲು ತುದಿ ಮುಟ್ಟಿ ಪಟಪಟ ಬಡಿಯುವವರೆಗೂ ನಾನು ಬಲ್ಬು ಉರಿಸುತ್ತ, ಅವರು ಹಾಡುತ್ತ ಇದ್ದೆವು. ಬಾಗಿಲು ತೆರೆದಾಗ ಹೇಳಿದರು, "ಬೆಳಕು ಹಾಕಿ ಹಾಕಿ ಎಂತ ಪ್ರೋತ್ಸಾಹ ಮಾರಾಯ್ರೇ ನಿಮ್ಮದು!" ಕೊನೆಗೆ ಸುಂದರಂ ದಾರಿ ಕಂಡುಹಿಡಿದರು. ಬಲ್ಬು ಉರಿದ ಕೂಡಲೇ ರಂಗಕ್ಕೆ ವೇಷ ಬಂದು ಮಾತು ಶುರು ಮಾಡುತ್ತದೆ ಎಂದುಕೊಳ್ಳಿ ಎಂದರು. ಭಾಗವತರಿಗೆ ತಕ್ಷಣ ಅರ್ಥವಾಯಿತು. ಅದರ ಮುಂದಿನ ಸಲ ಮೂರು ನಿಮಿಷ ಇಪ್ಪತ್ತು ಸೆಕೆಂಡಿಗೆ ಮುಗಿಸಿ, ಯಾರೋ ಬರುತ್ತಾರೆಂಬಂತೆ ಬಾಗಿಲ ಕಡೆ ನೋಡಿದರು.

ಆಮೇಲೆ ಒಬ್ಬ ನಾಗಸ್ವರದವರು ಬಂದರು. ಅವರು ಊದಿದರೆ ಮುಳ್ಳು ಕೆಂಪು ದಾಟುತ್ತಿತ್ತು. ಹಿಂದೆ ಕೂರಿ, ಇನ್ನೂ ಹಿಂದೆ ಎನ್ನುತ್ತ ಅವರನ್ನು ಜಗಲಿಗೆ ತಲುಪಿಸಿದೆ. ಮುಳ್ಳು ಸರಿಯಾಯಿತು. ಪ್ಲೇಟು ಬಂದಾಗ ಅದರಲ್ಲಿ ಬಸ್ಸಿನ ಹಾರ್ನೂ ಇತ್ತು.

ಇವೆಲ್ಲ ಸಣ್ಣವು. ಹೊಸಬರಿಗೆ ನಾನು ನಿಜವಾಗಿ ಹೇಳಬೇಕೆಂದಿರುವುದು ತಿಮ್ಮಪ್ಪಣ್ಣ ಮತ್ತು ಶೀನಪ್ಪ ಮಾಸ್ಟ್ರು ಎಂಬ ಅಣ್ಣತಮ್ಮಂದಿರ ಮೊದಲ ಪ್ಲೇಟಿನ ಕಥೆ. ಆ ಹೊತ್ತಿಗೆ ಸುಂದರಂ ಮದ್ರಾಸಿಗೆ ಮರಳಿ, ನಾವು ಸ್ಪೂಲು ಕಳಿಸುತ್ತಿದ್ದ ಅದೇ ಕಂಪನಿಗೆ ಸೇರಿದ್ದರು. ಇಲ್ಲಿ ನಾನೇ ಮುಖ್ಯಸ್ಥ, ನಾನೇ ಉಳಿದ ಸಿಬ್ಬಂದಿ.

ತಿಮ್ಮಪ್ಪಣ್ಣನದು ಬೆಳ್ತಂಗಡಿಯಲ್ಲಿ ಟೈಲರ್ ಅಂಗಡಿ. ತಮ್ಮ ಶೀನಪ್ಪ ಮೂಡುಬಿದಿರೆಯ ಹತ್ತಿರದ ಪುತ್ತಿಗೆಯಲ್ಲಿ ಶಾಲಾ ಮಾಸ್ಟ್ರು. ಅವರ ತಂದೆ ಭಜನೆಯ ಹಾಡು ಕಟ್ಟುತ್ತಿದ್ದವರು. ಚಿಕ್ಕಂದಿನಿಂದ ಇಬ್ಬರೂ ತಂದೆಯ ಎಡಬಲಕ್ಕೆ ಕುಳಿತು ಹಾಡಿ, ಮೂರು ತಾಲೂಕಿನ ಭಜನಾ ಮಂದಿರಗಳಲ್ಲಿ ಹೆಸರಾಗಿದ್ದರು. ತಂದೆ ತೀರಿಕೊಂಡ ಮೇಲೆ ಅವರ ನಾಲ್ಕು ಹಾಡುಗಳನ್ನು ಒಂದು ಸಣ್ಣ ಪ್ಲೇಟು ಮಾಡಬೇಕೆಂದು ಕಾಮತರು ಇಬ್ಬರಿಗೂ ಬೇರೆ ಬೇರೆಯಾಗಿ ಹೇಳಿಕಳಿಸಿದರು, ಇಬ್ಬರೂ ಒಪ್ಪಿದರು. ಮದ್ರಾಸಿನಲ್ಲಿ ಒತ್ತುವ ಸರದಿಯೂ ಗೊತ್ತಾಯಿತು. ಇಬ್ಬರೂ ನಾಲ್ಕು ವರ್ಷದಿಂದ ಮಾತು ಬಿಟ್ಟಿದ್ದಾರೆಂಬುದು ನಮಗೆ ತಿಳಿದದ್ದು ಅದರ ಮೇಲೆ.

ಕಾರಣ ಒಂದು ಮದುವೆಯ ಕಾಗದ. ತಿಮ್ಮಪ್ಪಣ್ಣ ಮಗಳ ಮದುವೆಯ ಗಡಿಬಿಡಿಯಲ್ಲಿ ತಮ್ಮನ ಮನೆಗೆ ಹೋಗಿ ಕರೆಯದೆ, ಕಾಗದವನ್ನು ಅಂಚೆಗೆ ಹಾಕಿದ್ದರು. ಊರವರಿಗೆ ಕಳಿಸಿದ ಹಾಗೆ ತನಗೂ ಕಳಿಸಿದನೆಂದು ಶೀನಪ್ಪ ಮಾಸ್ಟ್ರು ಮದುವೆಗೆ ಹೋಗಲಿಲ್ಲ. ಸ್ವಂತ ಚಿಕ್ಕಪ್ಪ ಧಾರೆಗೆ ಬರಲಿಲ್ಲವೆಂದು ಅಣ್ಣ ಅವರ ಹೆಸರೆತ್ತಲಿಲ್ಲ. ಒಟ್ಟಿಗೆ ನಿಂತು ಹಾಡುವುದು ಸಾಧ್ಯವೇ ಇಲ್ಲವೆಂದು ಇಬ್ಬರೂ ಹೇಳಿದರು. ಆದರೆ ತಂದೆಯ ಹಾಡು ಪ್ಲೇಟಾಗುವುದು ಇಬ್ಬರಿಗೂ ಬೇಕಿತ್ತು.

ಆಗ ನಾನು ಬುದ್ಧಿವಂತನಾದೆ. "ಧಣಿಗಳೇ, ಅವರು ಒಟ್ಟಿಗೆ ನಿಲ್ಲುವುದು ಯಾಕೆ? ಅಣ್ಣನದ್ದು ಒಂದು ದಿನ ಮುದ್ರಿಸುವ. ಇನ್ನೊಂದು ದಿನ ಅದನ್ನು ಈ ಯಂತ್ರದಲ್ಲಿ ನುಡಿಸಿಕೊಂಡು ತಮ್ಮನ ಸ್ವರ ಸೇರಿಸಿ ಆ ಯಂತ್ರಕ್ಕೆ ಹಿಡಿಯುವ" ಎಂದೆ. ಮದ್ರಾಸಿನಲ್ಲಿ ಹೀಗೆ ಮಾಡುತ್ತಾರೆಂದು ಸುಂದರಂ ಹೇಳಿದ್ದು ನೆನಪಿತ್ತು. ಅವರು ಜೊತೆಗೆ ಹೇಳಿದ ಎಚ್ಚರಿಕೆಗಳು ನೆನಪಿರಲಿಲ್ಲ.

ಅಣ್ಣ ಒಂದು ಬುಧವಾರ ಬಂದರು. ತಬಲೆಗೆ ನಮ್ಮ ಕಾಯಂ ತಬಲೆಯವರಾದ ವಿಟ್ಲದ ಮೋನಪ್ಪಣ್ಣ. ಶ್ರುತಿಪೆಟ್ಟಿಗೆ ತಿಮ್ಮಪ್ಪಣ್ಣನೇ ಒತ್ತಿಕೊಂಡರು. ನಾಲ್ಕರಲ್ಲಿ ದೊಡ್ಡ ಹಾಡೆಂದರೆ, ಹೊಳೆ ದಾಟಬೇಕಾದವನಿಗೂ ಅಂಬಿಗನಿಗೂ ನಡೆಯುವ ಮಾತು. ಅಣ್ಣ ಕೇಳುವವನು, ತಮ್ಮ ಉತ್ತರ ಕೊಡುವವನು, ಕೊನೆಯ ನುಡಿ ಇಬ್ಬರದೂ ಒಟ್ಟಿಗೆ. ತಮ್ಮನ ಸಾಲುಗಳಿಗೆ ಜಾಗ ಬಿಟ್ಟು ಹಾಡಿದರು. ಆ ಖಾಲಿ ಜಾಗದಲ್ಲಿ ತಬಲೆ ಮಾತ್ರ ನಡೆಯುತ್ತಿದ್ದಾಗ ತಿಮ್ಮಪ್ಪಣ್ಣ ಕಣ್ಣು ಮುಚ್ಚಿ ನಿಂತು, ತಮ್ಮನ ಸಾಲನ್ನು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದರು. ನಾನು ಗಾಜಿನ ಈಚೆಯಿಂದ ನೋಡಿ, ಅಳತೆ ತಪ್ಪದಿರಲಿ ಅಂತ ಎಣಿಸಿಕೊಳ್ಳುತ್ತಿದ್ದಾರೆ ಎಂದುಕೊಂಡೆ.

ಪಕ್ಕದಲ್ಲಿ ಒಂದು ಅಕ್ಕಿ ಮಿಲ್ಲು ಇತ್ತು. ಅದು ನಡೆಯುವ ಹೊತ್ತಿಗೆ ನಮ್ಮ ಕರೆಂಟು ಕುಗ್ಗುತ್ತಿತ್ತು, ಬಲ್ಬು ಮಂಕಾಗುತ್ತಿತ್ತು, ಸ್ಪೂಲು ಒಂದಿಷ್ಟು ನಿಧಾನ ತಿರುಗುತ್ತಿತ್ತು. ರೇಡಿಯೋ ರಿಪೇರಿ ಮಾಡಿದವನಿಗೆ ಇದು ತಿಳಿಯದ ವಿಷಯವಲ್ಲ. ತಿಳಿದಿತ್ತು, ಆದರೆ ಆ ಬುಧವಾರ ಮಿಲ್ಲು ನಡೆಯುತ್ತಿದ್ದಾಗ ತಲೆಗೆ ಬರಲಿಲ್ಲ. ನಿಧಾನವಾಗಿ ಹಿಡಿದದ್ದನ್ನು ಸರಿಯಾದ ವೇಗದಲ್ಲಿ ನುಡಿಸಿದರೆ ಸ್ವರ ಮೇಲಕ್ಕೆ ಹೋಗುತ್ತದೆ.

ಶೀನಪ್ಪ ಮಾಸ್ಟ್ರು ಶಾಲೆಗೆ ರಜೆ ಎಂದು ಭಾನುವಾರ ಬಂದರು. ಭಾನುವಾರ ಮಿಲ್ಲಿಗೂ ರಜೆ. ಕರೆಂಟು ಭರ್ತಿ. ನಮ್ಮಲ್ಲಿ ಕಿವಿಗೆ ಇಡುವ ಫೋನು ಇದ್ದದ್ದು ಒಂದೇ. ಅದನ್ನು ಕೊಟ್ಟು, "ಇದರಲ್ಲಿ ಅಣ್ಣನ ಹಾಡು ಕೇಳ್ತದೆ, ಅದರ ಮೇಲೆ ನೀವು ಹಾಡಿದರಾಯ್ತು ಮಾಸ್ಟ್ರೇ" ಎಂದೆ.

ಅವರು ಫೋನನ್ನು ಮೇಜಿನ ಮೇಲೆ ಇಟ್ಟರು. "ಅವನ ಸ್ವರ ನನ್ನ ಕಿವಿಯೊಳಗೆ ಬೇಡ. ತಾಳ ತೋರಿಸಲಿಕ್ಕೆ ಒಬ್ಬರನ್ನು ನಿಲ್ಲಿಸಿ, ಸಾಕು."

ಸರಿ, ಮೋನಪ್ಪಣ್ಣ ಎರಡೂ ಕಿವಿ ಮುಚ್ಚುವಂತೆ ಫೋನು ಹಾಕಿಕೊಂಡು ಕೈಯಲ್ಲಿ ತಾಳ ತೋರಿಸುತ್ತ ನಿಂತರು. ಮಾಸ್ಟ್ರು ಶ್ರುತಿಪೆಟ್ಟಿಗೆ ಒತ್ತಿಕೊಂಡು, ಮೋನಪ್ಪಣ್ಣನ ಕೈ ನೋಡುತ್ತ ಹಾಡಿದರು. ನಾನು ಮುಳ್ಳು ನೋಡುತ್ತ ಕುಳಿತೆ. ಅಂದರೆ ಇಬ್ಬರ ಧ್ವನಿಯನ್ನೂ ಒಟ್ಟಿಗೆ ಕೇಳುವವರು ಆ ಕಟ್ಟಡದಲ್ಲಿ ಒಬ್ಬರೂ ಇರಲಿಲ್ಲ.

ಒಂದು ಹಾಡಾದ ಮೇಲೆ ಮೋನಪ್ಪಣ್ಣ ಫೋನು ತೆಗೆದು ಹೇಳಿದರು, "ಸಂಜೀವಣ್ಣ, ಬುಧವಾರ ನಾನು ಇಷ್ಟು ಬೇಗ ಬಾರಿಸಿದ್ದಾ? ಇದು ಸ್ವಲ್ಪ ಓಡ್ತಾ ಉಂಟಲ್ಲ?"

"ನಿಮಗೆ ವಿಟ್ಲದ ಬಸ್ಸಿನ ಅವಸರ" ಎಂದು ನಾನು ನಕ್ಕೆ.

ಕೆಲಸ ಮುಗಿದಾಗ ಮೋನಪ್ಪಣ್ಣ ನಿಜವಾಗಿಯೂ ಬಸ್ಸಿಗೆ ಓಡಿದರು. ಸೇರಿಸಿದ್ದನ್ನು ಕೇಳಿ ಹೋಗಿ ಎಂದು ನಾನು ಹೇಳಿದರೆ, ಮಾಸ್ಟ್ರು ಬೇಡ ಎಂದು ಚಪ್ಪಲಿ ಹಾಕಿಕೊಂಡರು. ನಾನೊಬ್ಬನೇ ಕುಳಿತು ನಾಲ್ಕೂ ಹಾಡು ಕೇಳಿದೆ. ಒಂದೇ ಒಂದು ಕಡೆಯೂ ಮುಳ್ಳು ಕೆಂಪಿಗೆ ಹೋಗಿರಲಿಲ್ಲ. ಜಗಳವಾಡಿದ ಇಬ್ಬರನ್ನು ಒಂದು ಪೆಟ್ಟಿಗೆಯೊಳಗೆ ಕೂಡಿಸಿದೆನಲ್ಲ ಎಂದು ನನ್ನ ಮೇಲೆ ನನಗೇ ಗೌರವ ಬಂತು. ಮರುದಿನ ಪಾರ್ಸೆಲ್ ಮಾಡಿದೆ.

ಹದಿನೈದು ದಿನದಲ್ಲಿ ಸ್ಪೂಲು ಹಿಂದೆ ಬಂತು, ಸುಂದರಂ ಅವರ ಕಾಗದದೊಂದಿಗೆ. ಇಬ್ಬರು ಭಕ್ತರು ಒಂದೇ ದೇವರನ್ನು ಬೇರೆ ಬೇರೆ ಮಹಡಿಯಿಂದ ಕರೆಯುತ್ತಿದ್ದಾರೆ ಎಂದು ಬರೆದಿದ್ದರು. ಒಬ್ಬನ ಶ್ರುತಿ ಇನ್ನೊಬ್ಬನಿಗಿಂತ, ಹಾರ್ಮೋನಿಯಂ ಮನೆಯ ಲೆಕ್ಕದಲ್ಲಿ, ಹೆಚ್ಚುಕಡಿಮೆ ಅರ್ಧ ಮನೆ ಮೇಲಿದೆ, ಕಂಪನಿ ಇದನ್ನು ಒತ್ತುವುದಿಲ್ಲ, ಒಂದು ತಿಂಗಳೊಳಗೆ ಸರಿಯಾದದ್ದು ಬರದಿದ್ದರೆ ಸರದಿ ಬೇರೆಯವರಿಗೆ ಹೋಗುತ್ತದೆ. ಕೊನೆಯ ಸಾಲು ಹೀಗಿತ್ತು: ಸಂಜೀವಾ, ನೀನು ಇದನ್ನು ಕೇಳಿದೆಯಾ, ಅಥವಾ ನೋಡಿದೆಯಾ?

ಕಾಮತರು ಬಂದು ಕುಳಿತರು. ಸ್ಪೂಲು ಹಾಕಿದೆ. ಇಬ್ಬರೂ ಕಣ್ಣು ಮುಚ್ಚಿ ಕೇಳಿದೆವು.

"ಇದರಲ್ಲಿ ಎಂತ ತಪ್ಪು ಸಂಜೀವ?"

"ಗೊತ್ತಾಗುದಿಲ್ಲ ಧಣಿಗಳೇ."

ಇನ್ನೂ ಎರಡು ಸಲ ಕೇಳಿದೆವು. ಅಷ್ಟರಲ್ಲಿ ಅಂಗಡಿಗೆ ಹೂ ಕೊಡಲು ಬಂದ ಕಮಲಕ್ಕ ಬಾಗಿಲಲ್ಲಿ ನಿಂತು ಮುಖ ಸಿಂಡರಿಸಿದರು. "ಇದು ಎಂತದ್ದು? ಒಬ್ಬ ಮರದ ಮೇಲೆ ಕೂತು ಹಾಡುದು, ಒಬ್ಬ ಮರದ ಬುಡದಲ್ಲಿ ಕೂತು ಹಾಡುದಾ?"

ಕಾಮತರು ಯಂತ್ರದ ಕಡೆಯಿಂದ ನನ್ನ ಕಡೆ ತಿರುಗಿದರು. ಅವರಿಗೆ ಸಿಟ್ಟು ಬಂದರೆ ಧ್ವನಿ ಸಣ್ಣದಾಗುತ್ತಿತ್ತು. "ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿ ಮಾಡು. ಆಗುದಿಲ್ಲ ಅಂತಾದರೆ ಹೇಳು. ನಿನ್ನ ರಿಪೇರಿಯ ಸಾಮಾನೆಲ್ಲ ಇನ್ನೂ ಉಂಟಲ್ಲ?"

ಹೆದರಿಕೆಯಲ್ಲಿ ನಾನು ಮಾಡಿದ ಮೊದಲ ಕೆಲಸ, ಅಣ್ಣನಿಗೊಂದು ತಮ್ಮನಿಗೊಂದು ಪೋಸ್ಟ್ ಕಾರ್ಡ್ ಬರೆದದ್ದು. ವಾರ ಕಳೆದರೂ ಉತ್ತರವಿಲ್ಲ. ವಿಷಯ ತಿಳಿದು ಮೋನಪ್ಪಣ್ಣ ತಲೆಯ ಮೇಲೆ ಕೈ ಹೊತ್ತರು. "ಅಂಚೆಗೆ ಹಾಕಿದ್ದರಿಂದಲೇ ಇಷ್ಟೆಲ್ಲ ಆದದ್ದು. ನೀವು ಪುನಃ ಅಂಚೆಗೆ ಹಾಕಿದಿರಾ ಮಾರಾಯ್ರೇ?"

ಮರುದಿನ ಬೆಳಗ್ಗೆ ಬೆಳ್ತಂಗಡಿ ಬಸ್ಸು ಹತ್ತಿದೆ. ತಿಮ್ಮಪ್ಪಣ್ಣ ಶಾಲಾ ಮಕ್ಕಳ ಚಡ್ಡಿ ಹೊಲಿಯುತ್ತಿದ್ದರು. ಒಂದೂ ಬಿಡದೆ ಎಲ್ಲ ಹೇಳಿದೆ. ಮಿಲ್ಲು, ಕರೆಂಟು, ಮುಳ್ಳು, ಸುಂದರಂ ಅವರ ಕಾಗದ. ನನಗೆ ಕಿವಿಯಿಲ್ಲ ಎಂಬುದನ್ನೂ ಹೇಳಿದೆ. ಜೀವನದಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಅವರಿಗೆ. ಅವರು ಮಿಷನ್ನು ನಿಲ್ಲಿಸಲಿಲ್ಲ.

"ಅವನು ಬರ್ತೇನೆ ಅಂದನಾ?"

"ಇನ್ನು ಹೋಗಿ ಕೇಳ್ಬೇಕಷ್ಟೆ."

"ಮೊದಲು ಇಲ್ಲಿಗೇ ಬಂದದ್ದಾ?"

"ಹೌದು. ನೀವು ದೊಡ್ಡವರಲ್ವಾ."

ನೂಲು ಹಲ್ಲಿನಲ್ಲಿ ಕಡಿದು ಹೇಳಿದರು, "ಬರುವ ಭಾನುವಾರ ನನಗೆ ಬಂಟ್ವಾಳದಲ್ಲಿ ಹೇಗೂ ಒಂದು ಕೆಲಸ ಉಂಟು."

ಅವತ್ತೇ ಮಧ್ಯಾಹ್ನ ಬಸ್ಸು ಬದಲಿಸಿ ಮೂಡುಬಿದಿರೆಗೆ ಹೋಗಿ, ಅಲ್ಲಿಂದ ಪುತ್ತಿಗೆಗೆ ನಡೆದೆ. ಮಾಸ್ಟ್ರು ತರಗತಿ ಬಿಟ್ಟು ಜಗಲಿಗೆ ಬಂದರು. ಎಲ್ಲವನ್ನೂ ಇನ್ನೊಮ್ಮೆ ಒಪ್ಪಿಸಿದೆ. ಅವರು ಕೇಳಿದ ಮೊದಲ ಪ್ರಶ್ನೆ, "ಮೊದಲು ಅಲ್ಲಿಗೆ ಹೋದದ್ದಾ?"

"ಬೆಳ್ತಂಗಡಿ ಬಸ್ಸು ಮೊದಲು ಬಂತು ಮಾಸ್ಟ್ರೇ, ಅದಕ್ಕೆ" ಎಂದೆ.

ಅವರು ಕಿಟಕಿಯಿಂದ ತರಗತಿಯ ಕಡೆ ನೋಡಿ, "ಅವನು ಎಂತ ಹೇಳಿದ?" ಎಂದರು.

"ಭಾನುವಾರ ಬಂಟ್ವಾಳದಲ್ಲಿ ಬೇರೆ ಕೆಲಸ ಉಂಟಂತೆ."

"ಓ" ಎಂದರು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲಿಲ್ಲ. ಗಂಟೆ ಹೊಡೆಯಿತು, ಒಳಗೆ ಹೋದರು.

ಭಾನುವಾರ ಇಬ್ಬರೂ ಬಂದರು. ಒಬ್ಬರು ಈ ಗೋಡೆಗೆ, ಒಬ್ಬರು ಆ ಗೋಡೆಗೆ ಬೆನ್ನು ಕೊಟ್ಟು ಕುಳಿತರು. ನೀರು ಬೇಕೇ ಎಂದು ಕೇಳಿದರೆ "ಅವರಿಗೆ ಕೊಡಿ" ಎಂದು ಇಬ್ಬರೂ ಹೇಳಿ, ತಂಬಿಗೆ ನಡುವೆಯೇ ಉಳಿಯಿತು. ಏನು ಮಾಡುವುದೆಂದು ತೋಚದೆ ನಾನು, "ಮೊದಲು ಆದ ತಪ್ಪು ಒಮ್ಮೆ ಕೇಳಿ" ಎಂದು ಆ ಹಳೆಯ ಸ್ಪೂಲನ್ನೇ ಹಾಕಿದೆ.

ಅಣ್ಣನ ಪ್ರಶ್ನೆ ಬಂತು. ತಮ್ಮನ ಉತ್ತರ ಬಂತು. ತಿಮ್ಮಪ್ಪಣ್ಣನ ಹುಬ್ಬು ಮೇಲೆ ಹೋಯಿತು. ಮಾಸ್ಟ್ರು ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಕೊನೆಯ ನುಡಿಯಲ್ಲಿ ಎರಡೂ ಸ್ವರ ಒಟ್ಟಾದಾಗ ಮೋನಪ್ಪಣ್ಣ ತಬಲೆಯ ಮೇಲೆ ತಲೆಯಿಟ್ಟು ನಡುಗತೊಡಗಿದರು. ಅಳುತ್ತಿದ್ದಾರೆಂದು ನಾನು ಹೆದರಿದೆ. ಅವರು ನಗುತ್ತಿದ್ದರು.

ಮಾಸ್ಟ್ರಿಗೆ ತಡೆಯಲಾಗಲಿಲ್ಲ. ಎದುರು ಗೋಡೆಯ ಕಡೆ ತಿರುಗಿ ಅವರು ಹೇಳಿದ್ದು ತುಳುವಿನಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಅಣ್ಣ, ಇದು ಇವನಿಗೆ ಕೇಳಲೇ ಇಲ್ಲವಂತೆ!"

ನಾಲ್ಕು ವರ್ಷದ ಮೇಲೆ ತಮ್ಮ ಅಣ್ಣನಿಗೆ ಆಡಿದ ಮೊದಲ ಮಾತು ಅದು.

ತಿಮ್ಮಪ್ಪಣ್ಣ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅಲ್ಲ ಮಾರಾಯ, ನಿನ್ನ ಕಿವಿ ಇರುದು ಕನ್ನಡಕ ಸಿಕ್ಕಿಸ್ಲಿಕ್ಕೆ ಮಾತ್ರವಾ?"

"ಅಪ್ಪ ಇದ್ದಿದ್ದರೆ ತಂಬಿಗೆಯಲ್ಲೇ ಹೊಡೀತಿದ್ದರು" ಎಂದರು ಮಾಸ್ಟ್ರು.

"ಇವನಿಗಲ್ಲ, ನಮಗೆ" ಎಂದರು ಅಣ್ಣ.

ಅದರ ಮೇಲೆ ಯಾರೂ ನಗಲಿಲ್ಲ. ನಾನು ಎರಡು ಮೈಕುಗಳನ್ನು ದೂರ ದೂರ ಇಟ್ಟಿದ್ದೆ. ತಿಮ್ಮಪ್ಪಣ್ಣ ಎದ್ದು ಬಂದು, "ಒಂದು ಸಾಕು" ಎಂದು ತಾವೇ ಒಂದನ್ನು ಪಕ್ಕಕ್ಕೆ ಸರಿಸಿದರು. ಶ್ರುತಿಪೆಟ್ಟಿಗೆಯನ್ನು ಮಾಸ್ಟ್ರು ಒತ್ತಿದರು.

ಸಣ್ಣ ಮೂರು ಹಾಡು ಬೇಗ ಮುಗಿದವು. ಅಂಬಿಗನ ಹಾಡನ್ನು ಮೊದಲ ಸಲ ಹಾಡಿದಾಗ ತಿಮ್ಮಪ್ಪಣ್ಣ ನಡುವೆ ತಮ್ಮನ ಸಾಲನ್ನೇ ಎತ್ತಿಬಿಟ್ಟರು. ಎರಡನೆಯ ಸಲ ನಾನು ಯಂತ್ರದ ಗುಂಡಿ ಒತ್ತಲು ಮರೆತಿದ್ದೆ. ಅದಕ್ಕೂ ಬೈಗುಳ ತಿಂದೆ, ಈ ಸಲ ಇಬ್ಬರದೂ ಒಂದೇ ಶ್ರುತಿಯಲ್ಲಿ. ಮೂರನೆಯ ಸಲ ಸರಿಯಾಯಿತು. ಪ್ರಶ್ನೆ ಕೇಳುವಾಗ ಅಣ್ಣ ತಮ್ಮನ ಮುಖ ನೋಡಲಿಲ್ಲ, ಉತ್ತರ ಕೊಡುವಾಗ ತಮ್ಮ ನೆಲ ನೋಡುತ್ತಿದ್ದರು. ಕೊನೆಯ ನುಡಿಗೆ ಬಂದಾಗ ಇಬ್ಬರ ಭುಜಗಳೂ ತಾಗಿದವು, ಮೈಕು ಒಂದೇ ಆದ್ದರಿಂದ ಬೇರೆ ಉಪಾಯವಿರಲಿಲ್ಲ. ಅವರ ಧ್ವನಿ ಏರಿತು. ಎರಡು ಧ್ವನಿ ಎಲ್ಲಿ ಬೇರೆ, ಎಲ್ಲಿ ಒಂದು ಎಂದು ತಿಳಿಯುತ್ತಿರಲಿಲ್ಲ. ಶ್ರುತಿ ಎಂದರೆ ಇದಿರಬೇಕು ಎಂದು ನನಗೆ ಅನಿಸಿದ್ದು ಆಗ. ಕೇಳುತ್ತ ಮುಳ್ಳು ನೋಡುವುದನ್ನು ಮರೆತುಬಿಟ್ಟೆ. ಅದು ಕೆಂಪು ದಾಟಿ ಹೋಗಿತ್ತು. ಆ ಪ್ಲೇಟಿನ ಕೊನೆಯಲ್ಲಿ ಧ್ವನಿ ಒಂದು ಕಡೆ ಸ್ವಲ್ಪ ಒಡೆಯುತ್ತದೆ. ಪ್ಲೇಟಿಗೆ ಗೀರು ಬಿದ್ದದ್ದೆಂದು ಜನ ತಿಳಿದಿದ್ದಾರೆ. ಅದು ಗೀರಲ್ಲ, ನಾನು. ಸುಂದರಂ ಅವರಿಗೆ ಅದು ಗೊತ್ತಾಗದೆ ಇರಲಿಲ್ಲ. ಆದರೂ ಒತ್ತಿ ಕಳಿಸಿದರು, ಕಾಗದದಲ್ಲಿ ಅದರ ಮಾತು ಎತ್ತಲಿಲ್ಲ.

ಸ್ಪೂಲು ಡಬ್ಬಿಗೆ ಹಾಕಿ ಹೊರಗೆ ಬಂದಾಗ ಇಬ್ಬರೂ ಬಸ್ ನಿಲ್ದಾಣದ ಕಡೆ ನಡೆಯುತ್ತಿದ್ದರು, ನಡುವೆ ಒಂದು ಮಾರು ಅಂತರ. ನಾನೂ ಹಿಂದೆ ಹೋದೆ. ಮೂಡುಬಿದಿರೆ ಬಸ್ಸು ಬಂದು ನಿಂತಿತ್ತು. ಮಾಸ್ಟ್ರು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಕೇಳಿದರು, "ಹುಡುಗಿಗೆ ಮಕ್ಕಳಾ?"

"ಎರಡು. ದೊಡ್ಡದು ಗಂಡು."

"ಹಾಡ್ತಾನಾ?"

"ಎಂತ ಹಾಡುದು, ಇನ್ನೂ ಮೂರು ವರ್ಷ. ಕಿರಿಚ್ತಾನೆ."

ಮಾಸ್ಟ್ರು ಕಾಲು ಕೆಳಗಿಟ್ಟರು. ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೋಯಿತು. ಇಬ್ಬರೂ ಎದುರಿನ ಹೋಟೆಲಿಗೆ ಹೋಗಿ ಒಂದೇ ಮೇಜಿಗೆ ಕುಳಿತರು. ನನ್ನನ್ನು ಯಾರೂ ಕರೆಯಲಿಲ್ಲ, ಕರೆಯುವಷ್ಟು ಒಳ್ಳೆಯ ಕೆಲಸ ನಾನು ಮಾಡಿಯೂ ಇರಲಿಲ್ಲ.

ಆಮೇಲೆ ಅವರು ಹಿಂದಿನ ಹಾಗೆಯೇ ಆದರು ಎಂದು ಬರೆದರೆ ಸುಳ್ಳಾಗುತ್ತದೆ. ಸಣ್ಣಪುಟ್ಟ ಕೊಸರಾಟ ಕೊನೆಯವರೆಗೂ ಇತ್ತು ಎಂದು ಮೋನಪ್ಪಣ್ಣ ಹೇಳುತ್ತಿದ್ದರು. ಆದರೆ ಶನಿವಾರದ ಭಜನೆಗೆ ಮಾಸ್ಟ್ರು ಬೆಳ್ತಂಗಡಿಗೆ ಹೋಗತೊಡಗಿದರು, ಇನ್ನೂ ಒಂದು ಪ್ಲೇಟು ಮಾಡಿದರು. ಅದಕ್ಕೆ ಒಟ್ಟಿಗೇ ಬಂದರು. ಕಾಮತರು ನನ್ನನ್ನು ತೆಗೆಯಲಿಲ್ಲ. ಕಮಲಕ್ಕನಿಗೆ ಮಾತ್ರ, ಹೂ ತಂದಾಗ ಐದು ನಿಮಿಷ ಕುಳಿತು ಹೊಸ ಸ್ಪೂಲು ಕೇಳಿ ಹೋಗಬೇಕೆಂದು ಹೇಳಿದರು. ಎಷ್ಟೋ ಸ್ಪೂಲುಗಳು ಅವರು ಮುಖ ಸಿಂಡರಿಸದೆ ಇದ್ದುದರಿಂದ ಮದ್ರಾಸಿಗೆ ಹೋದವು.

ಇತ್ತೀಚೆಗೆ ಮೂಡುಬಿದಿರೆಯಲ್ಲಿ ಒಂದು ಹೊಸ ಸ್ಟುಡಿಯೋ ಆಗಿದೆ. ಅದನ್ನು ನಡೆಸುವ ದಂಪತಿ ನನ್ನನ್ನು ಕರೆದು ತೋರಿಸಿದರು. ಹಾಡುವವಳು ಒಬ್ಬಳೇ ಒಳಗಿದ್ದಳು. ಕೊಳಲಿನವರು ಹಿಂದಿನ ವಾರ ಬಂದು ಹೋಗಿದ್ದಾರೆ, ತಬಲೆಯವರು ಮುಂದಿನ ವಾರ ಬರುತ್ತಾರೆ, ಅವರೆಲ್ಲ ಒಬ್ಬರನ್ನೊಬ್ಬರು ನೋಡಿಯೇ ಇಲ್ಲವಂತೆ. ಪರದೆಯ ಮೇಲೆ ಅವಳ ಧ್ವನಿ ಗೆರೆಗೆರೆಯಾಗಿ ಕಾಣುತ್ತಿತ್ತು. ಒಂದು ಗೆರೆ ಕೆಳಗಿತ್ತು. ಯಜಮಾನರು ಅದನ್ನು ಬೆರಳ ತುದಿಯಲ್ಲಿ ಮೇಲಕ್ಕೆಳೆದರು, ಶ್ರುತಿ ಸರಿಯಾಯಿತಂತೆ. ಅವರು ಹೇಳಿದ್ದರಿಂದ ನಂಬಿದೆ.

"ನಿಮ್ಮ ಕಾಲದಲ್ಲಿ ಶ್ರುತಿ ತಪ್ಪಿದರೆ ಹೇಗೆ ಸರಿ ಮಾಡ್ತಿದ್ರಿ ಸಾರ್?" ಎಂದು ಅವರು ಕೇಳಿದರು.

"ಬಸ್ಸಿನಲ್ಲಿ ಹೋಗಿ ಕರೆದುಕೊಂಡು ಬರ್ತಿದ್ದೆ" ಎಂದೆ.